ಬಿಸಿಲಕ್ಕೋರು ಕೈಬಿಟ್ಟ ಮಧ್ಯಾಹ್ನ

ಮೊನ್ನೆ ಕುಮಟೆಯ ದವಾಖಾನೆಯಲ್ಲಿ ಸೂಜಿ ಚುಚ್ಚುವ ಮೊದಲು ನರ್ಸಮ್ಮ ನನ್ನ ತೋಳಿಗೆ ಹತ್ತಿಯಿಂದ ಸ್ಪಿರಿಟ್ ಒರೆಸಿದಳು. ಆ ತಣ್ಣನೆಯ ವಾಸನೆ ಮೂಗಿಗೆ ಬಂದದ್ದೇ ತಡ, ನಾನು ದವಾಖಾನೆಯ ಸ್ಟೂಲಿನ ಮೇಲೆ ಇರಲಿಲ್ಲ. ಧಾರೇಶ್ವರದ ನಮ್ಮ ಮನೆಯ ತಾರಸಿಯಲ್ಲಿದ್ದೆ. ಬೆಳಗಿನ ಎಳೆ ಬಿಸಿಲು, ಕಡಲಿನ ಉಪ್ಪುಗಾಳಿ, ಬಗ್ಗಿ ನಿಂತು ಕನ್ನಡಿ ಒರೆಸುತ್ತಿರುವ ಹೆಂಗಸೊಬ್ಬರ ಬೆನ್ನು. ಮುಖ ನೆನಪಿಗೆ ಬರಲು ತುಸು ಹೊತ್ತು ಬೇಕಾಯಿತು. ಬೆನ್ನು ಮಾತ್ರ ಕೂಡಲೇ ಬಂತು...

ಅವರನ್ನು ನಾವು ಬಿಸಿಲಕ್ಕೋರು ಎಂದು ಕರೆಯುತ್ತಿದ್ದೆವು. ಹೆಸರಿಟ್ಟವರು ನಮ್ಮ ಅತ್ತೆ. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುವುದು ರೂಢಿ. ಇವರು ಶಾಲೆ ಕಲಿಸಲು ಬಂದವರಲ್ಲ, ಆದರೆ ಕನ್ನಡಕವಿತ್ತು, ಪೆನ್ನಿತ್ತು, ಕೇಳಿದ್ದಕ್ಕೆಲ್ಲ ತಾಳ್ಮೆಯಿಂದ ಉತ್ತರ ಕೊಡುವ ಗುಣವಿತ್ತು. ಇನ್ನೇನು ಬೇಕು ಅಕ್ಕೋರಾಗಲು? ದಿನವಿಡೀ ಬಿಸಿಲಿಗೆ ಎದುರಾಗಿ ಕೂರುವವರಾದ್ದರಿಂದ ಅಕ್ಕೋರಿನ ಮೊದಲಿಗೆ ಬಿಸಿಲು ಸೇರಿತು.

ಕೊಂಕಣ ರೈಲು ಓಡಲು ಶುರುವಾಗಿ ಕೆಲವು ವರ್ಷ ಆಗಿದ್ದಿರಬೇಕು. ಮಳೆಗಾಲ ಹಿಂದೆ ಸರಿದು ನವರಾತ್ರಿ ಇನ್ನೇನು ಬಂತು ಎನ್ನುವಾಗ ಅವರು ಟೆಂಪೋ ತುಂಬ ಪೆಟ್ಟಿಗೆ ಹೇರಿಕೊಂಡು ಬಂದರು. ಘಟ್ಟದ ಮೇಲಿನವರು. ಯಾವುದೋ ಸಂಶೋಧನಾ ಸಂಸ್ಥೆಯ ಕಡೆಯಿಂದ ಬಂದಿದ್ದರು. ಕಡಲ ಪಕ್ಕದಲ್ಲಿ, ಎತ್ತರದಲ್ಲಿ, ಮೂಡಣದಿಂದ ಪಡುವಣದವರೆಗೆ ಸೂರ್ಯನಿಗೆ ಮರ ಅಡ್ಡವಿಲ್ಲದ ಜಾಗ ಬೇಕಾಗಿತ್ತಂತೆ. ನಮ್ಮ ಮನೆ ತಾರಸಿ ಅಂಥದ್ದು. ನಾನು ಆಗ ಆ ಮನೆಗೆ ಸೊಸೆಯಾಗಿ ಬಂದ ಹೊಸತು. ಹಪ್ಪಳ ಒಣಗಿಸಲು ಜಾಗ ಹೋಯಿತಲ್ಲ ಎಂಬುದಷ್ಟೇ ನನ್ನ ಚಿಂತೆ.

ತಾರಸಿಯ ಮೇಲೆ ತಗಡಿನ ಒಂದು ಗೂಡು ಎದ್ದಿತು. ಒಳಗೆ ಯಂತ್ರ. ಮೇಲೆ ಎರಡು ಕನ್ನಡಿ. ಸೂರ್ಯ ಹೋದ ಕಡೆಗೆ ಕನ್ನಡಿಗಳು ತಾವಾಗಿಯೇ ಮೆಲ್ಲಗೆ ತಿರುಗುತ್ತಿದ್ದವು, ಗದ್ದೆಯ ಕೊಕ್ಕರೆ ಮೀನು ಕಂಡು ಕತ್ತು ತಿರುಗಿಸಿದ ಹಾಗೆ. ಅತ್ತೆ ಮೊದಲ ದಿನವೇ ಏಣಿ ಹತ್ತಿ ಬಂದು ಸೊಂಟಕ್ಕೆ ಕೈಯಿಟ್ಟು ನಿಂತರು.

“ಎಂತ ಅಳೆಯೂದು ಇದ್ರಲ್ಲಿ?”

“ಗಾಳಿ ಅಮ್ಮ. ಗಾಳಿಯಲ್ಲಿ ಸೇರಿರುವ ಕೆಲವು ಅನಿಲ.”

“ಗಾಳಿ ಇಲ್ಲೇ ಅದೆಯಲ್ಲ. ಸೂರ್ಯನ್ನ ಎಂತಕ್ಕೆ ನೋಡೂದು?”

ಅಕ್ಕೋರು ನಕ್ಕರು. ಬೇಸರವಿಲ್ಲದೆ ವಿವರಿಸಿದರು. ನಾವು ಬಿಡುವ ಉಸಿರು, ಒಲೆಯ ಹೊಗೆ, ಲಾರಿಯ ಹೊಗೆ, ನೀರು ನಿಂತ ಗದ್ದೆಯ ಕೆಸರಿನಿಂದ ಏಳುವ ಗುಳ್ಳೆ, ಇವೆಲ್ಲ ಮೇಲೆ ಹೋಗಿ ಭೂಮಿಯ ಕಾವನ್ನು ಹೊರಗೆ ಬಿಡದೆ ಹಿಡಿದುಕೊಳ್ಳುತ್ತವೆ. ಅವು ಎಷ್ಟು ಸೇರಿವೆ ಎಂದು ತಿಳಿಯಬೇಕು. ಮೇಲೆ ಹೋಗಿ ಬಾಟಲಿಯಲ್ಲಿ ತುಂಬಿ ತರಬೇಕಾಗಿಲ್ಲ. ಬಿಸಿಲು ಅಷ್ಟೂ ಗಾಳಿಯನ್ನು ದಾಟಿ ಬರುತ್ತದೆಯಲ್ಲ, ಬರುವ ದಾರಿಯಲ್ಲಿ ಒಂದೊಂದು ಅನಿಲ ಬೆಳಕಿನಲ್ಲಿ ತನ್ನ ತನ್ನ ಪಾಲನ್ನು ನುಂಗುತ್ತದೆ. ಯಂತ್ರ ನೋಡುವುದು ಉಳಿದ ಬೆಳಕನ್ನಲ್ಲ, ಇಲ್ಲವಾದದ್ದನ್ನು. ಆಕಾಶದಲ್ಲಿ ಒಂದು ಉಪಗ್ರಹವೂ ಇದೇ ಕೆಲಸ ಮಾಡುತ್ತದೆ, ಅದು ಹೇಳಿದ್ದು ಸರಿಯೋ ಎಂದು ನೆಲದಿಂದ ನೋಡುವ ಸಾಕ್ಷಿ ಬೇಕು.

“ಎಂಜಲು ಬಾಳೆಲೆ ನೋಡಿ ಉಂಡವರ್ಯಾರು ಹೇಳಿದಂಗೆ,” ಎಂದರು ಅತ್ತೆ.

“ಅದೇ ಅಮ್ಮ. ನಾನು ಇಷ್ಟು ಚೆನ್ನಾಗಿ ಹೇಳಿರಲಿಲ್ಲ.”

ಪರದೆಯ ಮೇಲೆ ಒಂದು ಗೆರೆ ಬರುತ್ತಿತ್ತು. ಒಂದು ಕಡೆ ಅದು ಸಾಲಾಗಿ, ಒತ್ತಾಗಿ ಕೆಳಗಿಳಿದು ಮೇಲೇರುತ್ತಿತ್ತು. ಅದೇ ನಮ್ಮ ಉಸಿರಿನ ಅನಿಲದ ಗುರುತಂತೆ. ಅತ್ತೆ ಅದನ್ನು ಬಗ್ಗಿ ನೋಡಿ, “ಹೇನು ಬಾಚೂ ಹಣಿಗೆ,” ಎಂದುಬಿಟ್ಟರು. ಅಂದಿನಿಂದ ಅಕ್ಕೋರೂ ಅದನ್ನು ಹಣಿಗೆ ಎಂದೇ ಕರೆದರು.

ಕಡಲ ಗಾಳಿಯ ಉಪ್ಪು ಕನ್ನಡಿಯ ಮೇಲೆ ಕೂರುತ್ತಿತ್ತು. ದಿನಾ ಬೆಳಿಗ್ಗೆ ಸ್ಪಿರಿಟ್ ಹಾಕಿ ಒರೆಸಬೇಕು. ಕನ್ನಡಿಗೆ ಬಂಗಾರದ ಲೇಪವಿತ್ತು, ಒರಟು ಬಟ್ಟೆ ತಾಗುವಂತಿಲ್ಲ. ಪೇಟೆಯಿಂದ ತಂದ ಬಟ್ಟೆ ಮುಗಿದಾಗ ಅತ್ತೆ ತಮ್ಮ ಹಳೆಯ ನೂಲಿನ ಸೀರೆ ಹರಿದು ಕೊಟ್ಟರು. ವರ್ಷಾನುಗಟ್ಟಲೆ ಒಗೆದು ಒಗೆದು ಮೊಸರಿನ ಕೆನೆಯಂತಾದ ಬಟ್ಟೆ. ಅದರಷ್ಟು ಚೆನ್ನಾದದ್ದು ಸಿಕ್ಕಿಲ್ಲ ಎಂದರು ಅಕ್ಕೋರು. ಅತ್ತೆಗೆ ಎಷ್ಟು ಸೊಕ್ಕು ಬಂತೆಂದರೆ, ಉಟ್ಟ ಸೀರೆಯ ಸೆರಗನ್ನೂ ಮುಟ್ಟಿ ನೋಡಿ, “ಇದೂ ಬರೂ ವರ್ಷಕ್ಕೆ ತಯಾರಾತದೆ,” ಎನ್ನುವರು.

ಯಂತ್ರದ ಹೊಟ್ಟೆಯನ್ನು ತಣ್ಣಗಿಡಲು ಹೊಗೆಯಾಡುವ ಒಂದು ದ್ರವವನ್ನು ದಿನಾ ಹೊಯ್ಯಬೇಕಿತ್ತು. ಅದು ಎಲ್ಲಿ ಸಿಗಬೇಕು ನಮ್ಮ ಊರಲ್ಲಿ? ಕಡೆಗೆ ಸಿಕ್ಕಿದ್ದು ದನದ ಆಸ್ಪತ್ರೆಯಲ್ಲಿ. ಆಕಳಿಗೆ ಗಬ್ಬ ಕಟ್ಟಿಸುವ ಹೋರಿಬೀಜ ಕೆಡದ ಹಾಗೆ ಇಡುವುದು ಅದೇ ದ್ರವದಲ್ಲಿ. ಅಲ್ಲಿಯ ಕಂಪೌಂಡರು ತಮ್ಮ ಡಬ್ಬಿ ತುಂಬಿಸಿ ತರುವಾಗ ಅಕ್ಕೋರದ್ದನ್ನೂ ತುಂಬಿಸಿ, ಸೈಕಲ್ಲಿಗೆ ಕಟ್ಟಿಕೊಂಡು ಬಂದು ಕೊಡುವರು.

“ಅಕ್ಕೋರೆ, ನಮ್ಮ ಡಬ್ಬಿಯಿಂದ ಕರು ಹುಟ್ಟತದೆ. ನಿಮ್ಮ ಡಬ್ಬಿಯಿಂದ ಎಂತ ಹುಟ್ಟತದೆ?”

“ಗೆರೆ ಹುಟ್ತದೆ,” ಎನ್ನುವರು ಅಕ್ಕೋರು.

“ಹಾಲು ಕೊಡ್ತದ್ಯ ಅದು?” ಎಂದು ಕೆಳಗಿನಿಂದ ಅತ್ತೆ.

ಆಯುಧಪೂಜೆಯ ದಿನ ಒಂದು ಅನಾಹುತ ಆಯಿತು. ಅಕ್ಕೋರು ಪೇಟೆಗೆ ಹೋಗಿದ್ದರು. ಮನೆಯ ಕತ್ತಿ, ಗುದ್ದಲಿ, ನನ್ನ ಗಂಡನ ಸ್ಕೂಟರು, ಎಲ್ಲಕ್ಕೂ ಪೂಜೆ ಮಾಡಿದ ಅತ್ತೆಗೆ ಮೇಲಿನ ಯಂತ್ರ ಉಪವಾಸ ಕೂತದ್ದು ಸರಿ ಕಾಣಲಿಲ್ಲ. ಚೆಂಡುಹೂವಿನ ಮಾಲೆ ಹಾಕಿ, ಎಲ್ಲಕ್ಕಿಂತ ಹೊಳೆಯುವ ಜಾಗ ಹುಡುಕಿ, ಬಂಗಾರದ ಕನ್ನಡಿಗೇ ಗಂಧ ಕುಂಕುಮ ಹಚ್ಚಿದರು. ಅಕ್ಕೋರು ಬಂದು ನೋಡಿದರು. ಬಯ್ಯಲಿಲ್ಲ. ಬಹಳ ಹೊತ್ತು ಕೂತು ಒರೆಸಿದರು. ಕುಂಕುಮ ಹೋಯಿತು, ಅಂಚಿನಲ್ಲಿ ಬೆರಳಗಲದ ಮಂಕು ಕಲೆ ಉಳಿಯಿತು. ಬೆಳಕು ಆ ಕಲೆಯನ್ನು ತಪ್ಪಿಸಿ ಬೀಳುವ ಹಾಗೆ ಅಷ್ಟಿಷ್ಟು ಸರಿಸಿಕೊಂಡರು. ಅತ್ತೆ ಅಂದು ಊಟ ಮಾಡಲಿಲ್ಲ. ಅಕ್ಕೋರೇ ಕೆಳಗೆ ಬಂದು, “ಅಮ್ಮ, ಕನ್ನಡಿಗೆ ದೃಷ್ಟಿಬೊಟ್ಟು ಆಯ್ತು ಬಿಡಿ,” ಎಂದು ಊಟದ ಎಲೆಯ ಮುಂದೆ ಕೂರಿಸಿದರು.

ಇಷ್ಟೇ ಆಗಿದ್ದರೆ ಇವತ್ತು ನಗುತ್ತ ಬರೆದು ಮುಗಿಸುತ್ತಿದ್ದೆ...

ನಮ್ಮ ತಾರಸಿಯಿಂದ ಪಡುವಣಕ್ಕೆ ನೋಡಿದರೆ ಕೆಳಗೆ ತಗ್ಗಿನಲ್ಲಿ ಗಾಳಿಮರದ ಸಾಲು, ಅದರಾಚೆ ಕಡಲ ದಂಡೆ. ದಂಡೆಯ ಒಂದು ಮೂಲೆಯಲ್ಲಿ ಊರಿನ ಸುಡುಗಾಡು. ಮಧ್ಯಾಹ್ನದ ಮೇಲೆ ಸೂರ್ಯ ಇಳಿಯುವುದು ಸರಿಯಾಗಿ ಅದರ ಮೇಲೆ. ಕಡಲಗಾಳಿ ಬೀಸುವುದೂ ಅಲ್ಲಿಂದ ನಮ್ಮ ಕಡೆಗೆ. ಜಾಗ ನೋಡಲು ಬಂದಾಗ ಅಕ್ಕೋರಿಗೆ ಇದನ್ನು ಯಾರೂ ಹೇಳಿರಲಿಲ್ಲ. ಅವರೂ ಕೇಳಿರಲಿಲ್ಲ. ಮರ ಅಡ್ಡ ಇದೆಯೇ ಎಂದು ನೋಡಿದರೇ ಹೊರತು, ಮನುಷ್ಯರು ಅಡ್ಡ ಬರುತ್ತಾರೆ ಎಂದು ಯಾರಿಗೆ ಹೊಳೆಯಬೇಕು?

ಆಚೆಮನೆಯ ಅಜ್ಜಿ ತೀರಿಕೊಂಡದ್ದು ಕಾರ್ತಿಕದಲ್ಲಿ. ಅವರೂ ಅತ್ತೆಯೂ ಜೋಡಿ ಹಾಡುಗಾರ್ತಿಯರು. ಸುತ್ತಲ ಊರಿನ ಮದುವೆ, ಹಸೆಗೆಲ್ಲ ಇವರಿಬ್ಬರೂ ಬೇಕು. ಅತ್ತೆ ಒಂದು ಸಾಲು ಎತ್ತಿಕೊಟ್ಟರೆ ಅಜ್ಜಿ ಮುಂದಿನದನ್ನು ಹಿಡಿಯುವರು. ಹುಡುಗಿಯರಾಗಿದ್ದಾಗಿನಿಂದ ಹಾಗೆ.

ನಮ್ಮಲ್ಲಿ ಹೆಂಗಸರು ಸುಡುಗಾಡಿಗೆ ಹೋಗುವ ಪದ್ಧತಿಯಿಲ್ಲ. ಗಂಡಸರು ಹೆಣ ಎತ್ತಿಕೊಂಡು ಹೊರಟರೆ ನಾವು ಅಂಗಳದ ತುದಿಯಲ್ಲಿ ನಿಂತು ಹಿಂದಿರುಗಿ, ಮನೆ ತೊಳೆಯಬೇಕು. ಅತ್ತೆ ತಮ್ಮ ಗಂಡನನ್ನೂ ಹಾಗೆಯೇ ಕಳಿಸಿದವರು. ಸುಡುವುದನ್ನು ಒಮ್ಮೆಯೂ ನೋಡಿದವರಲ್ಲ. ಅವತ್ತು ಆಚೆಮನೆಯ ಅಂಗಳದಿಂದ ಬಂದವರು ನೇರ ಏಣಿ ಹತ್ತಿದರು. ನಾನು ಹಿಂದೆಯೇ ಓಡಿದೆ.

ಗಾಳಿಮರದ ಮೇಲೆ ಹೊಗೆ ಎದ್ದಿತ್ತು. ಸೂರ್ಯನ ಮುಖದ ಮೇಲೆ ತೆಳುವಾಗಿ ಹಾದು ನಮ್ಮತ್ತ ಬರುತ್ತಿತ್ತು. ಅಕ್ಕೋರು ಪರದೆಯ ಮುಂದೆ ಕೈಕಟ್ಟಿ ಕೂತಿದ್ದರು. ಹಣಿಗೆಯ ಗೆರೆ ನಡುಗುತ್ತಿತ್ತು. ಒಮ್ಮೆ ಕುಸಿಯುವುದು, ಒಮ್ಮೆ ಏಳುವುದು.

ಅತ್ತೆ ಕೇಳಿದರು: “ಇದು ಅವಳಾ?”

ಅಕ್ಕೋರು ಕಟ್ಟಿದ ಕೈ ಬಿಡಿಸಿ ಅತ್ತೆಯ ಕಡೆ ತಿರುಗಿದರು. “ಅಲ್ಲಿಂದ ಬರುವ ಹೊಗೆ ಅಮ್ಮ. ಹೌದು.”

ಅತ್ತೆ ಪರದೆಯ ಹತ್ತಿರ ಹೋಗಿ ನಿಂತರು. ಅಳಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಅಕ್ಕೋರು ಏನೋ ಗುರುತು ಹಾಕಿಕೊಂಡರು. ಅತ್ತೆ ಅದನ್ನು ನೋಡಿದರು.

“ಎಂತ ಬರ್ದ್ರಿ?”

ಬೇರೆ ಯಾರಾದರೂ ಆಗಿದ್ದರೆ ಸುಳ್ಳು ಹೇಳುತ್ತಿದ್ದರು. ಬಿಸಿಲಕ್ಕೋರಿಗೆ ಅದು ಬರುತ್ತಿರಲಿಲ್ಲ. “ಇವತ್ತು ಮಧ್ಯಾಹ್ನದ್ದನ್ನು ಲೆಕ್ಕದಿಂದ ತೆಗೀಬೇಕು ಅಮ್ಮ. ಹತ್ತಿರದ ಹೊಗೆ ಅಡ್ಡ ಬಂದರೆ ಅದು ಇಡೀ ಗಾಳಿಯ ಲೆಕ್ಕ ಆಗೋದಿಲ್ಲ. ಕೈಬಿಡ್ತೇವೆ.”

“ಅವಳನ್ನ ಕೈಬಿಡೂದಾ?”

“ಅವರನ್ನಲ್ಲ...”

“ಇಷ್ಟು ವರ್ಷ ಇದೇ ಊರ ಗಾಳಿ ಕುಡ್ದವಳು. ಒಂದು ಮಧ್ಯಾಹ್ನ ನಿಮ್ಮ ಲೆಕ್ಕದಲ್ಲಿ ಕೂರೂಕೆ ಜಾಗ ಇಲ್ವಾ ಅವಳಿಗೆ?”

ಅತ್ತೆ ಇಳಿದು ಹೋದರು. ಆ ವಾರವಿಡೀ ಮಾತಿಲ್ಲ. ಸೀರೆಯ ಬಟ್ಟೆ ಮಾತ್ರ ದಿನಾ ಒಗೆದು ಏಣಿಯ ಮೇಲೆ ಇಟ್ಟಿರುತ್ತಿದ್ದರು. ಒಂದು ಬೆಳಿಗ್ಗೆ ಅಕ್ಕೋರು ಕನ್ನಡಿ ಒರೆಸುವುದನ್ನು ಬಿಟ್ಟು ಕೆಳಗೆ ಬಂದು, ಒಲೆಯ ಪಕ್ಕ ನೆಲದ ಮೇಲೆ ಕೂತರು. ನಾನು ದೋಸೆ ಎರೆಯುತ್ತಿದ್ದೆ.

“ಅಮ್ಮ, ನನ್ನ ತಾಯಿ ಹೋದ ದಿನ ನಾನು ಬೇರೆ ಊರಲ್ಲಿ ಇದೇ ಕೆಲಸದಲ್ಲಿದ್ದೆ. ಸುದ್ದಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ದಿನದ ಗೆರೆಯನ್ನು ಆಮೇಲೆ ತೆಗೆದು ನೋಡಿದೆ. ಅಷ್ಟು ಚೊಕ್ಕ ದಿನ ಆ ವರ್ಷದಲ್ಲೇ ಇರಲಿಲ್ಲ. ಒಂದು ನಡುಕ ಇಲ್ಲ.”

ಅತ್ತೆ ಒಲೆಯನ್ನೇ ನೋಡುತ್ತಿದ್ದರು.

“ಹೊಗೆ ಅಲ್ಲೇ ನಿಲ್ಲೋದಿಲ್ಲ ಅಮ್ಮ. ಬೆರೀತದೆ. ಮೊದಲು ಈ ಊರು, ಆಮೇಲೆ ಘಟ್ಟದ ಮೇಲೆ, ಆಮೇಲೆ ಎಲ್ಲ ಕಡೆ. ಬಹಳ ವರ್ಷ ಇರ್ತದೆ. ನಾಳೆ ನಾನು ಅಳೆಯುವ ಗಾಳಿಯಲ್ಲಿ ಅವರ ಪಾಲು ಇದ್ದೇ ಇರ್ತದೆ. ನಾನು ಕೈಬಿಡೋದು ಆ ಮಧ್ಯಾಹ್ನವನ್ನು. ಅವರನ್ನು ಕೈಬಿಡೋಕೆ ಬೇಕೆಂದರೂ ಆಗೋದಿಲ್ಲ.”

“ಹೌದಾ?” ಎಂದರು ಅತ್ತೆ. “ಹಂಗಾರೆ ನಿನ್ನ ಅಬ್ಬೆನೂ ಇಲ್ಲೇ ಬಂದಳೆ ಅಂತ ಆತು. ಉಣ್ಣು ತಂಗಿ, ದೋಸೆ ಆರ್ತದೆ,” ಎಂದರು. ನೀವು ಹೋಗಿ ನೀನು ಆದದ್ದು ಅಂದಿನಿಂದ.

ಸಮಾಧಾನ ಆಯಿತು ಎಂದುಕೊಂಡೆ. ಹಾಗೆ ಆಗಲಿಲ್ಲ. ಅತ್ತೆ ದಿನಾ ಸಂಜೆಗೆ ಮುಂಚೆ ಏಣಿ ಹತ್ತಿ, “ಇವತ್ತು ಬಂದಿದ್ಳಾ?” ಎಂದು ಕೇಳಲು ಶುರುಮಾಡಿದರು. “ಬಂದಿದ್ದಾರೆ,” ಎನ್ನುವರು ಅಕ್ಕೋರು. ಆಮೇಲೆ ಅತ್ತೆ ತಾರಸಿಯ ಗೋಡೆಗೆ ಒರಗಿ ಹಾಡು ಎತ್ತಿಕೊಡುವರು. ಒಂದು ಸಾಲು ಹಾಡಿ ನಿಲ್ಲುವರು. ಎದುರು ಸಾಲಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸುಮ್ಮನಿರುವರು. ಮತ್ತೆ ಮೂರನೆಯ ಸಾಲು. ಕೆಳಗೆ ಅಕ್ಕಿ ಆರಿಸುತ್ತಿದ್ದ ನನಗೆ ಆ ಸುಮ್ಮನಿರುವಿಕೆ ಬಂದಾಗೆಲ್ಲ ಮೈ ಜುಂ ಎನ್ನುತ್ತಿತ್ತು. ಯಾಕೆಂದರೆ ಆ ಸಾಲು ನನಗೂ ಬರುತ್ತಿತ್ತು, ಆ ಖಾಲಿ ಜಾಗದಲ್ಲಿ ಅದು ಕೇಳಿಸುತ್ತಲೂ ಇತ್ತು... ಆಗ ನಾನು ಗರ್ಭಿಣಿ. ಬಟ್ಟೆ ಒಣಗಿಸಲು ಮೇಲೆ ಹೋದರೆ ಉದ್ದ ಉಸಿರು ಎಳೆಯಲು ಹೆದರಿಕೆ. ಯಾರು ಯಾರು ಒಳಗೆ ಬರುತ್ತಾರೋ ಎಂದು. ಇದನ್ನು ಯಾರ ಹತ್ತಿರವೂ ಹೇಳಲಿಲ್ಲ. ಅಕ್ಕೋರು ಒಮ್ಮೆ ನನ್ನ ಮುಖ ನೋಡಿ ತಾವಾಗಿಯೇ ಬಕೆಟ್ಟು ತೆಗೆದುಕೊಂಡು ಬಟ್ಟೆ ಹರವಿದರು.

ಅತ್ತೆಗೆ ಒಂದೇ ಆಸೆ ಹತ್ತಿತ್ತು. “ನಾ ಹೋಗೂ ದಿನ ನೀ ಇಲ್ಲೇ ಇರ್ಬೇಕು. ಯಂತ್ರ ಮುಚ್ಚೂಕಿಲ್ಲ. ಆಮೇಲೆ ಕೈಬಿಟ್ರೆ ಬಿಡು. ಒಂದ್ಸಲ ಬರ್ಕೊ.”

“ನೀವೆಲ್ಲಿ ಹೋಗ್ತೀರಿ ಅಮ್ಮ, ನನ್ನ ಕೆಲಸ ಮುಗಿಯುವ ತನಕ?”

“ಮುಚ್ಚೂದಿಲ್ಲ ಅಂತ ಹೇಳು.”

“ಮುಚ್ಚೋದಿಲ್ಲ.”

ಹೋದವರು ಅತ್ತೆಯಲ್ಲ. ಮಾಘದ ಚಳಿಯಲ್ಲಿ ಅಕ್ಕೋರಿಗೆ ಜ್ವರ ಬಂತು. ಮೊದಲ ದಿನ ಜ್ವರದಲ್ಲೇ ಏಣಿ ಹತ್ತಿ ಕನ್ನಡಿ ಒರೆಸಿದರು. ಮರುದಿನ ಏಳಲಾಗಲಿಲ್ಲ. ನನ್ನ ಗಂಡ ಬಾಡಿಗೆ ಕಾರಿನಲ್ಲಿ ಆಸ್ಪತ್ರೆಗೆ ಸೇರಿಸಿದರು. ದಾರಿಯಲ್ಲಿ ನನ್ನ ತೊಡೆಯ ಮೇಲೆ ತಲೆಯಿತ್ತು. ಮೈ ಕಾವಲಿಯಂತೆ ಸುಡುತ್ತಿತ್ತು. “ಕನ್ನಡಿಗೆ ಉಪ್ಪು ಕೂರ್ತದೆ,” ಎಂದರು. ನನಗೆ ಕೇಳಿದ ಅವರ ಕೊನೆಯ ಮಾತು ಅದು. ವೈದ್ಯರು ಮಾಡಬೇಕಾದ್ದನ್ನೆಲ್ಲ ಮಾಡಿದರು. ಉಳಿಯಲಿಲ್ಲ.

ಅವರಿಗೆ ಇದ್ದದ್ದು ವಯಸ್ಸಾದ ಒಬ್ಬ ಅಣ್ಣ. ರೈಲಿನಲ್ಲಿ ಬಂದಿಳಿದರು. ನಮ್ಮ ಮನೆಗೆ ಬಂದು, ತಂಗಿ ಇದ್ದ ಕೋಣೆ ನೋಡಿ, ತಾರಸಿ ಹತ್ತಿ, ಕಡಲನ್ನು ನೋಡುತ್ತ ಬಹಳ ಹೊತ್ತು ನಿಂತರು. “ಅಷ್ಟು ದೂರ ಒಯ್ದು ಏನು ಮಾಡಲಿ? ಇಲ್ಲೇ ಆಗಲಿ,” ಎಂದರು.

ಗಂಡಸರು ಹೊರಟ ಮೇಲೆ ನಾನು ಅಂಗಳ ತೊಳೆಯಲು ಕೊಡಪಾನ ಎತ್ತಿದೆ. ಅತ್ತೆ ತಡೆದರು. “ಮನೆ ಆಮೇಲೆ ತೊಳೆಯೂದು. ಸ್ಪಿರಿಟ್ ಬಾಟ್ಲಿ ತಕಂಡು ಬಾ.”

ಯಂತ್ರಕ್ಕೆ ಹೊದಿಕೆ ಹಾಕಿತ್ತು. ಅತ್ತೆ ಅದನ್ನು ತೆಗೆದರು. ತಮ್ಮ ಸೀರೆಯ ಬಟ್ಟೆಗೆ ಸ್ಪಿರಿಟ್ ಹಾಕಿ, ಅಕ್ಕೋರು ಮಾಡುತ್ತಿದ್ದ ಹಾಗೆಯೇ, ಒತ್ತದೆ, ಒಂದೇ ದಿಕ್ಕಿಗೆ, ಮೆಲ್ಲಗೆ ಒರೆಸಿದರು. ಏಣಿಯ ಮೇಲೆ ಸದ್ದಾಯಿತು. ದನದ ಆಸ್ಪತ್ರೆಯ ಕಂಪೌಂಡರು ಡಬ್ಬಿ ಹೊತ್ತುಕೊಂಡು ಬಂದಿದ್ದರು. ಅವರಿಗೆ ಹೇಳಿ ಕಳಿಸಿದ್ದು ಅತ್ತೆಯೇ.

“ಇದನ್ನ ಹೊಯ್ಯೂದು ಎಂತಕ್ಕೆ ಈಗ? ಅಕ್ಕೋರೇ ಇಲ್ಲ,” ಎಂದರು ಕಂಪೌಂಡರು. ಕಣ್ಣು ಕೆಂಪಾಗಿತ್ತು.

“ಅಕ್ಕೋರಿಗೇ ಹೊಯ್ಯೂದು,” ಎಂದರು ಅತ್ತೆ.

ಕಂಪೌಂಡರು ಹೊಯ್ದರು. ಬಿಳಿ ಹೊಗೆ ನೆಲದ ಮೇಲೆ ಹರಿದು ಕಾಲಿಗೆ ತಣ್ಣಗೆ ತಾಗಿತು. ದಿನಾ ನೋಡಿ ನೋಡಿ ಯಾವ ಗುಂಡಿ ಒತ್ತಬೇಕೆಂದು ನನಗೆ ಗೊತ್ತಿತ್ತು. ಒತ್ತಿದೆ. ಕನ್ನಡಿ ಕತ್ತು ತಿರುಗಿಸಿ ಸೂರ್ಯನನ್ನು ಹುಡುಕಿತು. ಪರದೆಯ ಮೇಲೆ ಹಣಿಗೆ ಮೂಡಿತು, ಒಂದೊಂದು ಹಲ್ಲೂ ಸ್ಪಷ್ಟ. ಗಾಳಿಮರದಾಚೆ ಇನ್ನೂ ಏನೂ ಇರಲಿಲ್ಲ. ನಾವು ಮೂವರೂ ಕಾದೆವು.

ಆಮೇಲೆ ಗೆರೆ ನಡುಗಿತು.

ಅತ್ತೆ ಕೈಮುಗಿಯಲಿಲ್ಲ. ಪರದೆಯ ಹತ್ತಿರ ಬಗ್ಗಿ, ಜ್ವರ ಬಂದ ಮಗುವಿನ ಹತ್ತಿರ ಮಾತಾಡುವ ಹಾಗೆ, “ಬಂದ್ಯಾ?” ಎಂದರು. ಅಷ್ಟೇ. ಸೂರ್ಯ ಕಡಲಿಗೆ ಇಳಿಯುವವರೆಗೆ ಅಲ್ಲೇ ಕೂತಿದ್ದರು. ಕಂಪೌಂಡರು ತಗಡಿನ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು. ಕನ್ನಡಿ ಕೆಳಗಿಳಿಯುತ್ತ ಇಳಿಯುತ್ತ ತಲೆ ತಗ್ಗಿಸಿತು. ಆ ಹೊತ್ತಿಗೆ ತನ್ನನ್ನು ದಿನಾ ಒರೆಸಿದವರನ್ನೇ ಅದು ನೋಡುತ್ತಿತ್ತು. ಅದಕ್ಕೆ ಗೊತ್ತಿರಲಿಲ್ಲ. ನಮಗೆ ಗೊತ್ತಿತ್ತು...

ಕೆಲವು ದಿನಗಳ ಮೇಲೆ ಯಂತ್ರ ಬಿಚ್ಚಿ ಒಯ್ಯಲು ಒಬ್ಬರು ಬಂದರು. ಅಕ್ಕೋರ ಜೊತೆ ಕೆಲಸ ಮಾಡುತ್ತಿದ್ದವರು, ಒಳ್ಳೆಯ ಮನುಷ್ಯ. ಕನ್ನಡಿಯ ಅಂಚಿನ ಕಲೆ ನೋಡಿ ಹುಬ್ಬುಗಂಟಿಕ್ಕಿ ಏನಿದು ಎಂದು ಕೇಳಿದರು. ದೃಷ್ಟಿಬೊಟ್ಟು ಎಂದೆ. ಅವರು ಕಡೆಯ ದಿನಗಳ ಗೆರೆಗಳನ್ನು ಪರದೆಯ ಮೇಲೆ ಓಡಿಸಿ ನೋಡುವಾಗ ಆ ಮಧ್ಯಾಹ್ನ ಬಂತು. ಜ್ವರ ಬಂದ ಮೇಲಿನ ದಿನಗಳು ಖಾಲಿ, ನಡುವೆ ಇದೊಂದು. ಯಾರು ನಡೆಸಿದ್ದು ಎಂದು ಅವರಿಗೆ ಆಶ್ಚರ್ಯ. ನಾನು ಹೇಳಿದೆ. ಅವರ ಕೈ ಅಲ್ಲೇ ನಿಂತಿತು.

ಅತ್ತೆ ಬಾಗಿಲಲ್ಲಿದ್ದರು. ಈಗ ಜಗಳ ಆಗುತ್ತದೆ, ಇಲ್ಲ ಅಳು ಆಗುತ್ತದೆ ಎಂದುಕೊಂಡೆ.

“ಅಮ್ಮ,” ಎಂದರು ಅವರು ತಲೆಯೆತ್ತದೆ, “ಇದರಲ್ಲಿ ಹೊಗೆ ಇದೆ. ಲೆಕ್ಕಕ್ಕೆ ಸೇರಿಸೋಕೆ ಬರೋದಿಲ್ಲ. ಸೇರಿಸಿದರೆ ಮೇಡಮ್ಮೇ ಬಯ್ತಿದ್ದರು.”

“ಬಯ್ತಿದ್ಳು,” ಎಂದರು ಅತ್ತೆ. “ಕೈಬಿಡಿ. ಆ ಮಧ್ಯಾಹ್ನ ಅಷ್ಟೇ ಹೋಗೂದು. ಅವಳನ್ನ ಬಿಡೂಕೆ ನಿಮ್ಮ ಕೈಲಿ ಆಗೂದಿಲ್ಲ.”

ಹೊರಡುವಾಗ ಸೀರೆಯ ಬಟ್ಟೆಯ ಗಂಟೊಂದನ್ನು ಅವರ ಕೈಗೆ ಕೊಟ್ಟರು. ಎಲ್ಲೇ ಯಂತ್ರ ಇಟ್ಟರೂ ಇದರಲ್ಲೇ ಒರೆಸಬೇಕೆಂದು ಹೇಳಿ ಕಳಿಸಿದರು.

ಅತ್ತೆ ಅದಾದ ಮೇಲೂ ಹಲವು ವರ್ಷ ಬದುಕಿದ್ದರು. ನನ್ನ ಮಗಳನ್ನು ಆಡಿಸಿದರು. ಸಂಜೆಗೆ ತಾರಸಿಯ ಮೇಲೆ ಹಾಡು ಎತ್ತಿಕೊಟ್ಟು ಕಾಯುವುದನ್ನು ಬಿಡಲಿಲ್ಲ. ಅವರು ಹೋದದ್ದೂ ಒಂದು ಮಧ್ಯಾಹ್ನವೇ. ಗಂಡಸರು ಹೊರಟ ಮೇಲೆ ನಾನು ಏಣಿ ಹತ್ತಿದೆ. ತಗಡಿನ ಗೂಡು ಇರಲಿಲ್ಲ, ಯಂತ್ರ ಇರಲಿಲ್ಲ. ಬರೆದುಕೊಳ್ಳುವವರೂ ಇರಲಿಲ್ಲ, ಕೈಬಿಡುವವರೂ ಇರಲಿಲ್ಲ. ಹೊಗೆ ಎದ್ದು ಸೂರ್ಯನಿಗೆ ಅಡ್ಡ ಬಂದು ನನ್ನ ಕಡೆಗೆ ಬಂತು. ಅತ್ತೆಗೆ ಬೇಕಾಗಿದ್ದದ್ದು ಒಂದೇ, ಅದನ್ನು ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ. ಅವರು ಎತ್ತಿಕೊಡುತ್ತಿದ್ದ ಸಾಲನ್ನು ನಾನೇ ಎತ್ತಿದೆ. ಎದುರು ಸಾಲಿನ ಹೊತ್ತು ಸುಮ್ಮನಿದ್ದೆ...

“ಅಕ್ಕ, ಎಂತಕ್ಕೆ ಉಸ್ರು ಬಿಗಿ ಹಿಡ್ಕಂಡಿದ್ರಿ?” ಎಂದಳು ನರ್ಸಮ್ಮ. ಸೂಜಿ ಚುಚ್ಚಿ ತೆಗೆದು ಎಷ್ಟು ಹೊತ್ತಾಗಿತ್ತೋ. ಸ್ಪಿರಿಟ್ಟಿನ ತಂಪು ತೋಳಿನಿಂದ ಆರಿಹೋಗಿತ್ತು. ವಾಸನೆ ಮಾತ್ರ ಇನ್ನೂ ಎದೆಯೊಳಗಿತ್ತು, ನಾನು ಅದನ್ನು ಹೊರಗೆ ಹೋಗಗೊಟ್ಟಿರಲಿಲ್ಲ.

“ಆತು, ಬಿಡಿ,” ಎಂದಳು ಅವಳು.

ಬಿಟ್ಟೆ. ಕಿಟಕಿ ತೆರೆದಿತ್ತು.